ಗೋಡೆ ತುಂಬ ಸರ್ಟಿಫಿಕೇಟು, ಫೋನ್ ಮಾತ್ರ ಬರುದಿಲ್ಲ: ಉಡುಪಿ ಕಡೆಯ ಒಬ್ರು ವಯರಿಂಗ್ ಕಂತ್ರಾಟುದಾರರ ಪ್ರಕರಣ

ನಾನು ಉಡುಪಿ, ಮಂಗಳೂರು ಕಡೆಯ ಸಣ್ಣ ಕಂತ್ರಾಟುದಾರರ ಲೆಕ್ಕ, ಜಿಎಸ್‌ಟಿ, ಟೆಂಡರ್ ಕಾಗದ ನೋಡಿಕೊಳ್ಳುವವ. ವಯರಿಂಗಿನವರು, ಪ್ಲಂಬಿಂಗಿನವರು, ಎಸಿ ಕೆಲಸದವರು ಎಲ್ಲ ಬರ್ತಾರೆ. ಬಂದವರಲ್ಲಿ ಯಾರಾದ್ರೂ ಒಬ್ರು ಕೇಳಿಯೇ ಕೇಳ್ತಾರೆ, "ಒಂದು ಕೋರ್ಸ್ ಉಂಟು ಮಾರಾಯ್ರೆ, ಫೀಸು ಇಷ್ಟು, ಮಾಡಿದ್ರೆ ಕೆಲಸ ಸಿಗ್ಬಹುದಾ?" ಅಂತ. ಹೌದು ಅಂದ್ರೂ ಸುಳ್ಳು, ಇಲ್ಲ ಅಂದ್ರೂ ಸುಳ್ಳು. ಅದಕ್ಕೆ ನನ್ನ ಕಣ್ಣೆದುರೇ ನಡೆದ ಒಂದು ಪ್ರಕರಣವನ್ನು ಬುಡದಿಂದ ಬರೀತಾ ಇದ್ದೇನೆ. ಸಂಬಂಧಪಟ್ಟವರ ಒಪ್ಪಿಗೆ ತಗೊಂಡಿದ್ದೇನೆ, ಗುರುತು ಸಿಗುವಂಥ ಕೆಲವು ವಿವರ ಬದಲಿಸಿದ್ದೇನೆ. ಹೆಸರು ಬೇಡ, ಅಣ್ಣ ಅಂತಲೇ ಬರೀತೇನೆ, ನಾನು ಅವರನ್ನು ಕರೆಯುದೂ ಹಾಗೇ.

ಹಿನ್ನೆಲೆ

ಅಣ್ಣನದ್ದು ಉಡುಪಿಯಿಂದ ದಕ್ಷಿಣಕ್ಕೆ ಹೈವೇ ಬದಿಯ ಊರು. ಐಟಿಐಯಲ್ಲಿ ಎರಡು ವರ್ಷದ ಎಲೆಕ್ಟ್ರಿಷಿಯನ್ ಟ್ರೇಡ್, ಆಮೇಲೆ ಸ್ವಲ್ಪ ಸಮಯ ಬೊಂಬಾಯಿ, ಆಮೇಲೆ ಗಲ್ಫ್. ನಮ್ಮ ಕಡೆಯವರಿಗೆ ಈ ದಾರಿ ಹೊಸತೇನೂ ಅಲ್ಲ. 2020ರಲ್ಲಿ ಕೊರೊನಾ ಬಂದಾಗ ಕಂಪೆನಿ ಮನೆಗೆ ಕಳಿಸಿತು, ಇನ್ನು ವಾಪಸ್ ಹೋಗುದಿಲ್ಲ ಅಂತ ಇವರೂ ನಿರ್ಧಾರ ಮಾಡಿದ್ರು.

ಬರುವಾಗ ಒಂದು ದೊಡ್ಡ ಫೈಲ್ ತಂದಿದ್ರು, ಪೂರ ಸರ್ಟಿಫಿಕೇಟು. ಎತ್ತರದಲ್ಲಿ ಕೆಲಸ ಮಾಡುವ ತರಬೇತಿ, ಬೆಂಕಿ ನಂದಿಸುವ ತರಬೇತಿ, ಪ್ರಥಮ ಚಿಕಿತ್ಸೆ, ಲೈನ್ ಬಂದ್ ಮಾಡಿ ಬೀಗ ಹಾಕುವ ತರಬೇತಿ, ಇನ್ನೂ ಏನೇನೋ. ಅಲ್ಲಿ ಕಾರ್ಡ್ ಇಲ್ಲದಿದ್ರೆ ಸೈಟಿನ ಗೇಟ್ ಒಳಗೆ ಬಿಡುದಿಲ್ಲ, ಹೊಸ ಕಾರ್ಡ್ ಒಂದು ಸೇರಿದ್ರೆ ಹೊಸ ಕೆಲಸಕ್ಕೆ ಹಾಕ್ತಾರೆ, ಸಂಬಳ ಒಂಚೂರು ಏರ್ತದೆ. ಅಷ್ಟು ವರ್ಷ ಅಂಥ ಜಾಗದಲ್ಲಿ ದುಡಿದವರಿಗೆ ಸರ್ಟಿಫಿಕೇಟ್ ಅಂದ್ರೆ ಕೆಲಸ, ಕೆಲಸ ಅಂದ್ರೆ ಸರ್ಟಿಫಿಕೇಟ್ ಅಂತ ತಲೆಯಲ್ಲಿ ಕೂತುಬಿಡ್ತದೆ. ಮುಂದೆ ಅವರು ಮಾಡಿದ ಖರ್ಚೆಲ್ಲ ಈ ಲೆಕ್ಕದಲ್ಲೇ ಆದದ್ದು, ಅದಕ್ಕೇ ಇಷ್ಟು ಹೇಳಿದೆ.

ತೊಂದರೆ ಎಲ್ಲಿ ಇದ್ದದ್ದು

ನಮ್ಮಲ್ಲಿ ಮನೆ ಕಟ್ಟುವವರು ವಯರಿಂಗಿನವರನ್ನು ಹುಡುಕುದೇ ಇಲ್ಲ. ಮೇಸ್ತ್ರಿ ಒಬ್ಬನನ್ನು ಕರ್ಕೊಂಡು ಬರ್ತಾನೆ, ಇಲ್ಲಾಂದ್ರೆ ಪ್ಲಾನ್ ಮಾಡಿದ ಇಂಜಿನಿಯರ್ ಒಂದು ನಂಬರ್ ಕೊಡ್ತಾರೆ, ಅದೂ ಇಲ್ಲಾಂದ್ರೆ ಅತ್ತಿಗೆಯ ತಮ್ಮ ಇದ್ದೇ ಇದ್ದಾನೆ. ಪಾಯಿಂಟಿಗೆ, ಅಂದ್ರೆ ಒಂದು ಲೈಟಿಗೋ ಪ್ಲಗ್ಗಿಗೋ ವಯರ್ ಎಳೆಯುದಕ್ಕೆ, ಇಷ್ಟು ಅಂತ ರೇಟ್ ಮಾತಾಡಿದ್ರೆ ಮುಗೀತು. ಸ್ಲಾಬ್ ಹಾಕುವ ಮೊದಲು ಪೈಪ್ ಇಡ್ಬೇಕಲ್ಲ, ಆ ದಿನ ಬೆಳಿಗ್ಗೆ ಹೇಳಿದ ಹೊತ್ತಿಗೆ ಬರ್ತಾನಾ ಇಲ್ವಾ, ಮೇಸ್ತ್ರಿಗೆ ಬೇಕಾದ ಸರ್ಟಿಫಿಕೇಟ್ ಅದೊಂದೇ.

ಇನ್ನೊಂದು ಕಡೆ ಕಾನೂನು. ವಯರಿಂಗ್ ಕೆಲಸವನ್ನು ಲೈಸೆನ್ಸ್ ಇರುವ ಕಂತ್ರಾಟುದಾರರೇ ಮಾಡ್ಬೇಕು, ಮೇಲ್ವಿಚಾರಣೆಗೆ ಸೂಪರ್‌ವೈಸರ್ ಪರ್ಮಿಟ್ ಇದ್ದವರು, ಕೈ ಹಾಕುವವರಿಗೆ ವಯರ್‌ಮನ್ ಪರ್ಮಿಟ್ ಬೇಕು. ಕೇಂದ್ರ ವಿದ್ಯುತ್ ಪ್ರಾಧಿಕಾರದ 2023ರ ಸುರಕ್ಷತಾ ನಿಯಮದಲ್ಲೂ ಇದೇ ಉಂಟು, ಅದಕ್ಕಿಂತ ಮೊದಲಿನ 2010ರದ್ದರಲ್ಲೂ ಇತ್ತು. ನಮ್ಮ ಕಡೆ ಕರೆಂಟ್ ಕೊಡುವ ಮೆಸ್ಕಾಂನಿಂದ ಕನೆಕ್ಷನ್ ಬೇಕಾದ್ರೆ ಲೈಸೆನ್ಸಿನವರ ಸಹಿ ಬೇಕೇ ಬೇಕು. ಆದ್ರೆ ಊರಲ್ಲಿ ನಡೆಯುದು ಎಂತ? ಕೆಲಸ ಒಬ್ಬನದ್ದು, ಸಹಿ ಇನ್ನೊಬ್ಬನದ್ದು, ಸಹಿಗೆ ಇಷ್ಟು ಅಂತ ದರ. ಸಹಿ ಹಾಕಿದವರು ಆ ಮನೆಯ ಮೆಟ್ಟಿಲೂ ಹತ್ತಿರುದಿಲ್ಲ.

ಅಣ್ಣನ ಹತ್ರ ಆಗ ಲೈಸೆನ್ಸ್ ಇರ್ಲಿಲ್ಲ. ಇನ್ನೊಬ್ರು ಕಂತ್ರಾಟುದಾರರ ಕೈಕೆಳಗೆ ಪಾಯಿಂಟ್ ಲೆಕ್ಕದಲ್ಲಿ ಕೆಲಸ ಮಾಡ್ತಿದ್ರು. ಕೈಗೆ ಬರುವ ದುಡ್ಡು ಊಟಕ್ಕೆ ಸಾಕು, ಮಗಳ ಫೀಸಿಗೆ ಸಾಕಾಗುದಿಲ್ಲ.

ಮಾಡಿ ನೋಡಿದ್ದು

ಮೊದಲು ಆದದ್ದು ಸೋಲಾರ್ ಕೋರ್ಸ್. ಸೂರ್ಯಮಿತ್ರ ಅಂತ, 2015ರಲ್ಲಿ ಕೇಂದ್ರದ ನವೀಕರಿಸಬಹುದಾದ ಇಂಧನ ಸಚಿವಾಲಯ ಶುರು ಮಾಡಿದ್ದು. ಫೀಸ್ ಇಲ್ಲ, ಊಟ ವಸತಿ ಅವರದ್ದೇ. ಫ್ರೀ ಅಂತ ಎಲ್ರೂ ಹೇಳ್ತಾರೆ, ಆದ್ರೆ ದಿನಗೂಲಿಯಲ್ಲಿ ಬದುಕುವವರು ತಿಂಗಳುಗಟ್ಟಲೆ ಕೆಲಸ ಬಿಟ್ಟು ಕೂತ್ರೆ ಅದೇ ಫೀಸು. ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುದಿಲ್ಲ, ನಾನು ಕೇಳಿದವರಿಗೆಲ್ಲ ಮೊದಲು ಇದನ್ನೇ ಬರೆದು ಕೂಡಿಸ್ಲಿಕ್ಕೆ ಹೇಳ್ತೇನೆ.

ಕೋರ್ಸ್ ಮುಗಿಸಿ ಬಂದ್ರು, ಫ್ರೇಮ್ ಹಾಕಿಸಿ ಗೋಡೆಗೆ ತೂಗಿಸಿದ್ರು, ವಿಸಿಟಿಂಗ್ ಕಾರ್ಡಲ್ಲಿ ಹಾಕಿದ್ರು, ವಾಟ್ಸಾಪ್ ಸ್ಟೇಟಸ್ ಹಾಕಿದ್ರು. ಒಂದೇ ಒಂದು ಫೋನ್ ಇಲ್ಲ. ನಮ್ಮ ಕರಾವಳಿಗೆ ಸೋಲಾರ್ ಹೊಸತೇನಲ್ಲ, ಇಲ್ಲಿಯವರೇ ಆದ ಹರೀಶ್ ಹಂದೆಯವರು 1995ರಲ್ಲೇ ಸೆಲ್ಕೋ ಶುರು ಮಾಡಿ ಕರೆಂಟಿಲ್ಲದ ಮನೆಗಳಿಗೆ ಬ್ಯಾಟರಿ ಮೇಲೆ ಬಲ್ಬ್ ಉರಿಸಿದವರು, 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿಯೂ ಬಂತು. ಆದ್ರೆ ಕರೆಂಟ್ ಇರುವ ಮನೆಯವರು ಮಾಡಿನ ಮೇಲೆ ಲಕ್ಷ ಲಕ್ಷ ಹಾಕ್ಬೇಕಾದ್ರೆ ಅವರಿಗೆ ಬೇರೆ ಕಾರಣ ಬೇಕು, ಹಾಕುವವನ ಗೋಡೆಯ ಫ್ರೇಮ್ ಅಲ್ಲ.

ಆ ಕಾರಣ ಬಂದದ್ದು 2024ರ ಫೆಬ್ರವರಿಯಲ್ಲಿ, ಪಿಎಂ ಸೂರ್ಯಘರ್ ಯೋಜನೆ. ಮೂರು ಕಿಲೋವ್ಯಾಟಿಗೆ 78,000 ರೂಪಾಯಿ ಸಬ್ಸಿಡಿ ಅಂತ ಪೇಪರಲ್ಲಿ ಬಂದದ್ದೇ ತಡ, ಅಣ್ಣನ ಫೋನ್ ಬಡೀಲಿಕ್ಕೆ ಶುರು. ಎಲ್ರದ್ದೂ ಒಂದೇ ಪ್ರಶ್ನೆ, "ನಿಮ್ಮತ್ರ ಮಾಡಿಸಿದ್ರೆ ಸಬ್ಸಿಡಿ ಸಿಗ್ತದಾ?" ಸಿಗುದಿಲ್ಲ, ಯಾಕಂದ್ರೆ ಸಬ್ಸಿಡಿ ಸಿಗ್ಬೇಕಾದ್ರೆ ನೋಂದಣಿಯಾದ ವೆಂಡರ್ ಮೂಲಕವೇ ಆಗ್ಬೇಕು, ನೋಂದಣಿಗೆ ಲಕ್ಷದ ಲೆಕ್ಕದ ಬ್ಯಾಂಕ್ ಗ್ಯಾರಂಟಿ ಇಡ್ಬೇಕು. ಇವರ ಹತ್ರ ಕೋರ್ಸ್ ಉಂಟು, ಗ್ಯಾರಂಟಿ ಇಡ್ಲಿಕ್ಕೆ ದುಡ್ಡಿಲ್ಲ. ಕಡೆಗೆ ಒಬ್ರು ವೆಂಡರ್ ಇವರನ್ನು ಕೂಲಿ ಲೆಕ್ಕದಲ್ಲಿ ಪ್ಯಾನೆಲ್ ಕೂರಿಸ್ಲಿಕ್ಕೆ ಕರೆದ್ರು, "ಆ ಸೂರ್ಯಮಿತ್ರದ ಫೋಟೋ ಒಂದು ಕಳಿಸಿ, ಫೈಲಿಗೆ ಬೇಕು" ಅಂತ ಕೇಳಿದ್ದೂ ಅವರೇ. ಅಂದ್ರೆ ಸರ್ಟಿಫಿಕೇಟ್ ಕೆಲಸ ಕೊಟ್ಟಿತು, ಆದ್ರೆ ಕೂಲಿಯಾಗಿ.

ನಡುವೆ ಇನ್ನೊಂದು ಗಮ್ಮತ್ತು ಆಯ್ತು. ಒಬ್ಬ ಏಜೆಂಟ್ ಬಂದು ಐಎಸ್‌ಒ 9001 ಅಂತ ಗುಣಮಟ್ಟದ ಸರ್ಟಿಫಿಕೇಟ್ ಮಾಡಿಸಿ ಕೊಡ್ತೇನೆ, ದೊಡ್ಡ ದೊಡ್ಡ ಕೆಲಸ ಬರ್ತದೆ ಅಂತ ತಲೆ ತುಂಬಿಸಿದ. ದುಡ್ಡು ಕೊಟ್ಟ ಕೆಲವೇ ದಿನದಲ್ಲಿ ಬಣ್ಣಬಣ್ಣದ ಸರ್ಟಿಫಿಕೇಟ್ ಕೊರಿಯರಲ್ಲಿ ಬಂತು. ಒಬ್ಬ ಬಂದು ಕೆಲಸ ನೋಡಿದ್ದಿಲ್ಲ, ಒಂದು ಕಾಗದ ಕೇಳಿದ್ದಿಲ್ಲ. ಐಎಸ್‌ಒ ಸಂಸ್ಥೆ ತಾನಾಗಿ ಯಾರಿಗೂ ಸರ್ಟಿಫಿಕೇಟ್ ಕೊಡುದೇ ಇಲ್ಲ, ಬೇರೆ ಸಂಸ್ಥೆಗಳು ಬಂದು ಆಡಿಟ್ ಮಾಡಿ ಕೊಡುದು, ಆ ಸಂಸ್ಥೆಗಳಿಗೂ ಮಾನ್ಯತೆ ಬೇಕು, ನಮ್ಮ ದೇಶದಲ್ಲಿ ಅದನ್ನು ನೋಡುದು ಎನ್‌ಎಬಿಸಿಬಿ. ಅಣ್ಣನಿಗೆ ಬಂದ ಕಾಗದದಲ್ಲಿ ಅದರ ಗುರುತೇ ಇಲ್ಲ. ಟೆಂಡರಿಗೆ ಹಾಕ್ತೇವೆ ಅಂದ್ರು, ನಾನು ಟೆಂಡರ್ ಪುಸ್ತಕ ತೆಗೆದು ತೋರಿಸಿದೆ. ಅಲ್ಲಿ ಕೇಳಿದ್ದು ಲೈಸೆನ್ಸ್, ಹಿಂದಿನ ವರ್ಷಗಳ ವಹಿವಾಟು, ಅದೇ ಥರದ ಕೆಲಸ ಮುಗಿಸಿದ್ದಕ್ಕೆ ಸಾಕ್ಷಿ, ಇಎಂಡಿ ಅಂದ್ರೆ ಟೆಂಡರಿನೊಟ್ಟಿಗೆ ಇಡುವ ಠೇವಣಿ. ಕೋರ್ಸಿಗಾಗಲಿ ಆ ಬಣ್ಣದ ಕಾಗದಕ್ಕಾಗಲಿ ಅದರಲ್ಲಿ ಕಾಲಮ್ಮೇ ಇರ್ಲಿಲ್ಲ.

ಇದಾದ ಮೇಲೆ ಲೈಸೆನ್ಸ್ ಕೆಲಸಕ್ಕೆ ಕೈ ಹಾಕಿದ್ದು. ಸೂಪರ್‌ವೈಸರ್ ಪರ್ಮಿಟ್, ಆಮೇಲೆ ಕಂತ್ರಾಟು ಲೈಸೆನ್ಸ್, ವಿದ್ಯುತ್ ಪರಿವೀಕ್ಷಣಾಲಯದಿಂದ. ಅರ್ಜಿ, ಅನುಭವದ ಪತ್ರ, ಉಪಕರಣಗಳ ಪಟ್ಟಿ, ಓಡಾಟ, ಇದೆಲ್ಲ ವಿವರಿಸಿದ್ರೆ ಪುಟ ಹಾಳು. ಬಂತು. ಬಂದ ಮೇಲೂ ಗಿರಾಕಿ ಹೆಚ್ಚಾಗ್ಲಿಲ್ಲ, ಹೆಚ್ಚಾದದ್ದು ಸಹಿ ಕೇಳಿಕೊಂಡು ಬರುವವರು.

ಒಂದು ನಿರ್ಧಾರ

ಇಲ್ಲಿಂದ ಪ್ರಕರಣದ ದಿಕ್ಕು ಬದಲಾದದ್ದು ಅಂತ ನನ್ನ ಅಭಿಪ್ರಾಯ, ಅಣ್ಣ ಒಪ್ಪುದಿಲ್ಲ, ಅದೆಲ್ಲ ದೇವರ ದಯೆ ಅಂತಾರೆ.

ಸಹಿಯ ದುಡ್ಡು ಸುಲಭದ ದುಡ್ಡು. ಮನೆಯಲ್ಲೇ ಕೂತು ಬರ್ತದೆ. ಅಣ್ಣ ಮೊದಲು ಒಂದೆರಡು ಹಾಕಿಯೂ ಹಾಕಿದ್ರು. ಆಮೇಲೆ ಒಂದು ದಿನ "ಇನ್ನು ಮುಂದೆ ನಾನೇ ಹೋಗಿ ಅಳತೆ ಮಾಡಿ ನೋಡದೆ ಸಹಿ ಹಾಕುದಿಲ್ಲ" ಅಂತ ಹೇಳಿಬಿಟ್ರು. ಸೋಲಾರ್ ಕೋರ್ಸಲ್ಲಿ ಕಲಿಸಿದ ಮೇಷ್ಟ್ರು ಅರ್ತಿಂಗ್, ಅಂದ್ರೆ ದಾರಿ ತಪ್ಪಿದ ಕರೆಂಟನ್ನು ನೆಲಕ್ಕೆ ಇಳಿಸುವ ವಿಷಯದಲ್ಲಿ ಭಾರಿ ಕಟ್ಟುನಿಟ್ಟಂತೆ, ಸೋಲಾರ್ ಪ್ಯಾನೆಲ್ ಕಡೆಗೆ ಬೇರೆ, ಮನೆ ಕರೆಂಟಿನ (ಎಸಿ) ಕಡೆಗೆ ಬೇರೆ, ಸಿಡಿಲಿನ ಕಂಬಿಗೆ ಬೇರೆ ಅರ್ತ್, ಪ್ರತಿಯೊಂದನ್ನೂ ಅಳೆದು ಬರೆದು ತೋರಿಸ್ಬೇಕಿತ್ತಂತೆ. ಆ ಅಭ್ಯಾಸ ಉಳಿದಿತ್ತು. ಒಂದು ಅರ್ತ್ ಟೆಸ್ಟರ್, ವಯರಿನ ಇನ್ಸುಲೇಷನ್ ಅಳೆಯುವ ಒಂದು ಮೆಗ್ಗರ್ ತಗೊಂಡ್ರು. ಸಹಿ ಕೇಳಿ ಬರ್ತಿದ್ದವರು ಬರುದು ನಿಲ್ಲಿಸಿದ್ರು, ಅವರಿಂದ ಅಷ್ಟಿಷ್ಟು ಸಿಗ್ತಿದ್ದ ಕೆಲಸವೂ ನಿಂತಿತು. ಮನೆಯಲ್ಲಿ ಅತ್ತಿಗೆ ಸರೀ ಬೈದ್ರು, ಬೈಯ್ಯುದು ನ್ಯಾಯವೇ.

ಮಾಡಿದ ಕೆಲಸಕ್ಕೆಲ್ಲ ಅಣ್ಣ ಒಂದು ಹಾಳೆ ಕೊಡ್ಲಿಕ್ಕೆ ಶುರು ಮಾಡಿದ್ರು. ತಾರೀಕು, ಯಾವ ಪಿಟ್ (ಅರ್ತಿನ ಗುಂಡಿ), ಎಷ್ಟು ಓಮ್ (ಇದು ಕಡಿಮೆ ಇದ್ದಷ್ಟು ಅರ್ತ್ ಒಳ್ಳೆದು), ವಯರಿನ ಇನ್ಸುಲೇಷನ್ ಎಷ್ಟು, ಶಾಕ್ ಹೊಡೆಯದ ಹಾಗೆ ಕರೆಂಟ್ ಕಡಿಯುವ ಸ್ವಿಚ್ಚು ಆರ್‌ಸಿಸಿಬಿ ಬಟನ್ ಒತ್ತಿದ್ರೆ ಬೀಳ್ತದಾ, ಕೆಳಗೆ ಲೈಸೆನ್ಸ್ ನಂಬರ್, ಸಹಿ. ಮನೆಯವರಲ್ಲಿ ಹೆಚ್ಚಿನವರು ಅದನ್ನು ಮಡಚಿ ಟಿವಿ ಮೇಲೆ ಇಟ್ರು.

ಅಪಾರ್ಟ್‌ಮೆಂಟ್

ಏಪ್ರಿಲ್ ಕೊನೆ, ಮಂಗಳೂರಲ್ಲಿ ಗುಡ್ಡದ ಮೇಲಿನ ಒಂದು ಅಪಾರ್ಟ್‌ಮೆಂಟ್. ಹಿಂದಿನ ವಾರದ ಸಿಡಿಲಿಗೆ ಲಿಫ್ಟಿನ ಬೋರ್ಡ್, ಸಿಸಿಟಿವಿಯ ರೆಕಾರ್ಡರ್, ಕೆಲವು ಮನೆಯ ಟಿವಿ, ರೂಟರ್ ಎಲ್ಲ ಹೋಗಿತ್ತು. ಅಲ್ಲಿ ಬಾಡಿಗೆಗಿದ್ದ ಸೋಲಾರ್ ಬ್ಯಾಚಿನ ಒಬ್ಬ ಹುಡುಗ ಅಣ್ಣನ ನಂಬರ್ ಕೊಟ್ಟಿದ್ದ. ಕೊಟೇಶನ್ ಬರೀಲಿಕ್ಕೆ ಅಂತ ನನ್ನನ್ನೂ ಕರ್ಕೊಂಡು ಹೋದ್ರು.

ಅಸೋಸಿಯೇಷನ್ ಸೆಕ್ರೆಟರಿ ನಿವೃತ್ತ ಬ್ಯಾಂಕ್ ಅಧಿಕಾರಿ, ಫೈಲ್ ಕೈಯಲ್ಲೇ ಹಿಡ್ಕೊಂಡು ಕೆಳಗೆ ಬಂದ್ರು. "ಅರ್ತಿಂಗ್ ಎಲ್ಲ ಸರಿ ಉಂಟು, ರಿಪೋರ್ಟ್ ಉಂಟು ನಮ್ಮತ್ರ" ಅಂದ್ರು. ಅಣ್ಣ ರಿಪೋರ್ಟ್ ನೋಡಿ, ಓಮ್ ನೋಡ್ಲಿಲ್ಲ, ತಾರೀಕು ನೋಡಿದ್ರು.

"ಸರ್, ಇದು ಜುಲೈದ್ದು. ಆಗ ನೆಲ ಪೂರ ಚಂಡಿ ಇರ್ತದೆ, ಎಲ್ಲಿ ಅಳೆದ್ರೂ ಒಳ್ಳೆ ರೀಡಿಂಗ್ ಬರ್ತದೆ. ಸಿಡಿಲು ಬರುದು ಈಗ."

ನಮ್ಮ ಮುರಕಲ್ಲಿನ ಗುಡ್ಡದ ಸಂಗತಿ ಇದು. ಮಳೆಗಾಲದಲ್ಲಿ ನೀರು ಕುಡಿದು ಕೂತಿರ್ತದೆ, ಬೇಸಿಗೆಗೆ ಒಣಗಿ ಗಟ್ಟಿ ಆಗ್ತದೆ, ಆಗ ಕರೆಂಟ್ ನೆಲಕ್ಕೆ ಇಳೀಲಿಕ್ಕೆ ದಾರಿ ಇರುದಿಲ್ಲ. ಸರಿಯಾಗಿ ಅದೇ ಹೊತ್ತಿಗೆ, ಮಳೆ ಹಿಡಿಯುವ ಮೊದಲು ಏಪ್ರಿಲ್ ಮೇ ತಿಂಗಳಲ್ಲಿ, ಸಂಜೆ ಸಂಜೆ ಸಿಡಿಲು. ಪಿಟ್ಟಿನ ಮುಚ್ಚಳ ತೆಗೆದ್ರೆ ಉಪ್ಪು ಇದ್ದಿಲು ತುಂಬಿಸಿದ ಹಳೇ ಜಿಐ ಪೈಪು, ಉಪ್ಪಿಗೆ ಪೈಪ್ ತಿಂದುಹೋಗಿದೆ, ಕ್ಲ್ಯಾಂಪ್ ಮುಟ್ಟಿದ್ರೆ ತುಕ್ಕು ಪುಡಿ ಪುಡಿಯಾಗಿ ಉದುರ್ತದೆ. ಅಣ್ಣ ಅರ್ತ್ ವಯರ್ ಬಿಚ್ಚಿ ಬೇರೆ ಮಾಡಿದ್ರು, ನೇರ ಗೆರೆಯಲ್ಲಿ ಎರಡು ಕಬ್ಬಿಣದ ಗೂಟ ಹೊಡೆದ್ರು, ಒಂದು ದೂರ ಕಂಪೌಂಡ್ ಹತ್ರ, ಇನ್ನೊಂದು ಅರ್ಧಕ್ಕಿಂತ ಸ್ವಲ್ಪ ಆಚೆ. ಗೂಟ ಇಳಿಯುದೇ ಇಲ್ಲ, ಸುತ್ತಿಗೆಯ ಸದ್ದಿಗೆ ಮೂರನೇ ಮಾಳಿಗೆಯಿಂದ ಒಬ್ರು ಬೊಬ್ಬೆ ಹಾಕಿದ್ರು. ಬುಡಕ್ಕೆ ನೀರು ಹೊಯ್ದು ಹೊಯ್ದು ಇಳಿಸಿ, ರೀಡಿಂಗ್ ತಗೊಂಡು, ನಡುವಿನ ಗೂಟ ಸ್ವಲ್ಪ ಈಚೆ ಹಾಕಿ ಮತ್ತೊಮ್ಮೆ, ಆಚೆ ಹಾಕಿ ಇನ್ನೊಮ್ಮೆ. ಮೂರೂ ಹತ್ತಿರ ಹತ್ತಿರ ಬಂದ್ರೆ ಮಾತ್ರ ನಂಬುದಂತೆ. ಜುಲೈ ರಿಪೋರ್ಟಲ್ಲಿ ಎರಡು ಚಿಲ್ಲರೆ ಓಮ್ ಇದ್ದದ್ದು ಈಗ ಇಪ್ಪತ್ತೆಂಟು.

ಸೆಕ್ರೆಟರಿ ಸ್ವಲ್ಪ ಹೊತ್ತು ಆ ಮೀಟರನ್ನೇ ನೋಡಿದ್ರು. ಆಮೇಲೆ ಕೇಳಿದ್ದು ರೇಟ್ ಅಲ್ಲ. "ಇದನ್ನು ಬರೆದು, ಸಹಿ ಹಾಕಿ ಕೊಡ್ತೀರಾ? ಮೀಟಿಂಗಲ್ಲಿ ನನ್ನನ್ನು ಕೇಳ್ತಾರೆ."

ಬೇರೆ ಇಬ್ರು ಮೊದಲೇ ಬಂದು ಹೋಗಿದ್ರು, ಅವರ ಕೊಟೇಶನ್ ವಾಟ್ಸಾಪಲ್ಲಿ ಒಂದು ಸಾಲು, ಎರಡು ಹೊಸ ಪಿಟ್, ಇಷ್ಟು ರೂಪಾಯಿ. ಅಣ್ಣನದ್ದು ಅದಕ್ಕಿಂತ ಜಾಸ್ತಿ, ಹೊಸ ಪಿಟ್, ಎಲ್ಲವನ್ನೂ ಒಟ್ಟಿಗೆ ಜೋಡಿಸುವ ಪಟ್ಟಿ, ಕಟ್ಟಡದ ಕರೆಂಟ್ ಬೋರ್ಡಿಗೆ ಸರ್ಜ್ (ಒಮ್ಮೆಗೇ ಏರಿ ಬರುವ ಕರೆಂಟ್) ತಡೆಯುವ ಸಾಧನ, ಮಾಡಿನ ಮೇಲಿನ ಸಿಡಿಲು ಕಂಬಿಯ ಸಡಿಲ ಜಾಯಿಂಟ್ ರಿಪೇರಿ, ಕೆಲಸ ಆದ ಮೇಲೆ ಒಮ್ಮೆ ಮತ್ತು ಮುಂದಿನ ಬೇಸಿಗೆಯಲ್ಲಿ ಒಮ್ಮೆ ಅಳೆದು ಕೊಡುದು, ಎಲ್ಲ ಬಿಡಿಸಿ ಬರೆದದ್ದು. ಕಮಿಟಿಯಲ್ಲಿ ಜಗಳ ಆಯ್ತಂತೆ, ಕಡೆಗೆ ಇವರಿಗೇ ಬಂತು. ಸೆಕ್ರೆಟರಿ ತಗೊಂಡದ್ದು ಲೈಸೆನ್ಸಿನ ಕಾಪಿ ಮತ್ತು ರೀಡಿಂಗ್ ಹಾಳೆ. ಅಣ್ಣ ಹೆಮ್ಮೆಯಿಂದ ಐಎಸ್‌ಒ ಕಾಪಿಯನ್ನೂ ಇಟ್ಟಿದ್ರು, ಅದನ್ನು ಅವರು ವಾಪಸ್ ಕೊಟ್ರು, "ಇದು ಬೇಡ, ಫೈಲ್ ದಪ್ಪ ಆಗ್ತದೆ" ಅಂತ.

ಆಮೇಲೆ ಎಂತ ಆಯ್ತು

ಒಂದು ಅಪಾರ್ಟ್‌ಮೆಂಟಿನ ಸೆಕ್ರೆಟರಿಗೆ ಇನ್ನೊಂದರ ಸೆಕ್ರೆಟರಿ ಗೊತ್ತಿರ್ತಾರೆ, ವಾಕಿಂಗಲ್ಲೋ ಬ್ಯಾಂಕ್ ಪೆನ್ಷನರ್ಸ್ ಗ್ರೂಪಲ್ಲೋ. ಹಾಗೆ ಒಂದರ ಹಿಂದೆ ಒಂದು ಬಂತು. ಒಂದು ಸಣ್ಣ ಆಸ್ಪತ್ರೆಗೆ ಆಡಿಟ್ ಫೈಲಿಗೆ ಅಳತೆಯ ರಿಪೋರ್ಟ್ ಬೇಕಿತ್ತು, ಒಂದು ಶಾಲೆಗೆ ಬೇಕಿತ್ತು. ವರ್ಷವರ್ಷ ಅಳೆದು ಕೊಡುವ ಕೆಲಸವೂ ಕೆಲವು ಕಡೆ ಕುದುರಿದೆ.

ಎಲ್ಲ ಕಡೆ ನಡೆಯಿತು ಅಂತ ಅಲ್ಲ. ಒಂದು ದೇವಸ್ಥಾನದ ಬ್ರಹ್ಮಕಲಶಕ್ಕೆ ಲೈಟಿಂಗ್ ಕೆಲಸಕ್ಕೆ ಹೋದ್ರು, ಅದು ಕಮಿಟಿಯವರ ನೆಂಟರಿಗೆ ಹೋಯ್ತು, ಹಾಳೆ ಬಿಡಿಸಿಯೂ ನೋಡ್ಲಿಲ್ಲ. ಮನೆ ವಯರಿಂಗಿನ ಗಿರಾಕಿ ಈಗಲೂ ಮೊದಲಿನಷ್ಟೇ. ಸಂಸ್ಥೆಗಳ ಕೆಲಸದಲ್ಲಿ ಬಿಲ್ ಆಗ್ಲಿಕ್ಕೆ ತಿಂಗಳುಗಟ್ಟಲೆ ಕಾಯ್ಬೇಕು, ಕೆಲವರು ಬಿಲ್ಲಲ್ಲೇ ಆದಾಯ ತೆರಿಗೆ ಅಂತ 1% ಟಿಡಿಎಸ್ ಹಿಡೀತಾರೆ, ಅದನ್ನು ರಿಟರ್ನ್ ಹಾಕಿ ವಾಪಸ್ ತರುವ ಕೆಲಸ ನನ್ನದು. ವಹಿವಾಟು 20 ಲಕ್ಷದ ಹತ್ರ ಬಂದಾಗ ಜಿಎಸ್‌ಟಿ ನೋಂದಣಿ ಮಾಡಿಸಿದೆವು. ಕೈಯಲ್ಲಿ ಕೆಲಸ ಉಂಟು, ಖಾತೆಯಲ್ಲಿ ದುಡ್ಡಿಲ್ಲ ಅನ್ನುವ ತಿಂಗಳುಗಳೂ ಬಂದಿವೆ.

ಅದೇ ಸೋಲಾರ್ ಬ್ಯಾಚಿನ ಇನ್ನೊಬ್ಬರ ಕಥೆಯನ್ನೂ ಹೇಳ್ಬೇಕು. ಅವರು ಕುಂದಾಪುರ ಕಡೆಯವರು, ಸರ್ಟಿಫಿಕೇಟ್ ಕಪಾಟಲ್ಲಿ ಬಿದ್ದಿದೆ, ಕಾರ್ಡ್ ಕೂಡ ಮಾಡಿಸಿಲ್ಲ. ಇಬ್ರು ಮೇಸ್ತ್ರಿಗಳು ಗುರ್ತ, ಮಾತಿಗೆ ತಪ್ಪುದಿಲ್ಲ, ಕೆಲಸ ಕೈತುಂಬ. ಆ ಕೋರ್ಸ್ ಅವರಿಗೆ ಒಂದು ರೂಪಾಯಿ ತಂದುಕೊಟ್ಟಿಲ್ಲ, ಅದರ ಬಗ್ಗೆ ಬೇಸರವೂ ಇಲ್ಲ. "ಊಟ ಒಳ್ಳೆದಿತ್ತು" ಅಂತಾರೆ.

ಇದ್ರಿಂದ ನನಗೆ ಕಂಡದ್ದು

ಇಬ್ರದ್ದೂ ಒಂದೇ ಸರ್ಟಿಫಿಕೇಟು, ಹಾಗಾದ್ರೆ ವ್ಯತ್ಯಾಸ ಎಲ್ಲಿಂದ ಬಂತು? ನಾನು ನೋಡಿದ ಹಾಗೆ ದುಡ್ಡು ಕೊಡುವವರಿಂದ. ತನ್ನ ದುಡ್ಡು ತಾನೇ ಖರ್ಚು ಮಾಡುವವನು, ಮನೆ ಕಟ್ಟುವವನು, ಯಾರಿಗೂ ಲೆಕ್ಕ ಕೊಡ್ಬೇಕಾಗಿಲ್ಲ. ಅವನಿಗೆ ಗುರ್ತದವರ ಮಾತು ಸಾಕು, ಕಾಗದ ತೋರಿಸಿದ್ರೆ "ಇವ ಜಾಸ್ತಿ ರೇಟ್ ಹಾಕುವ ಪಾರ್ಟಿ" ಅಂತ ಹೆದರಿಯೂ ಹೆದರ್ತಾನೆ. ಬೇರೆಯವರ ದುಡ್ಡು ಖರ್ಚು ಮಾಡುವವರು, ಸೆಕ್ರೆಟರಿ, ಶಾಲೆಯ ಮ್ಯಾನೇಜರ್, ಆಸ್ಪತ್ರೆಯ ಆಡಳಿತದವರು, ಸೋಲಾರ್ ವೆಂಡರ್ ಕೂಡ, ನಾಳೆ ಯಾರಾದ್ರೂ "ಇವನಿಗೆ ಯಾಕೆ ಕೊಟ್ರಿ?" ಅಂತ ಕೇಳಿದ್ರೆ ತೋರಿಸ್ಲಿಕ್ಕೆ ಅವರಿಗೆ ಒಂದು ಕಾಗದ ಬೇಕು. ಗಲ್ಫಿನ ಗೇಟಲ್ಲಿ ಕಾರ್ಡ್ ಕೇಳ್ತಿದ್ದ ಕಾವಲಿನವನೂ ಇದೇ ಜಾತಿ. ಅಣ್ಣನ ಲೆಕ್ಕ ಪೂರ ತಪ್ಪಿರ್ಲಿಲ್ಲ, ಅದನ್ನು ಮೇಸ್ತ್ರಿಯ ಮುಂದೆ ಹಿಡಿದದ್ದು ಮಾತ್ರ ದಂಡ ಆಯ್ತು.

ದೇವಸ್ಥಾನದ ಕಮಿಟಿ ಈ ಲೆಕ್ಕಕ್ಕೆ ಸಿಗುದಿಲ್ಲ ಅಂತ ನೀವು ಹೇಳ್ಬಹುದು, ಅವರೂ ಊರಿನ ದುಡ್ಡೇ ಖರ್ಚು ಮಾಡುದಲ್ವಾ. ಹೌದು. ಆದ್ರೆ ಅಲ್ಲಿ ಕೇಳುವವರು ಯಾರು, ಹೇಳಿ ನೋಡುವ.

ಇನ್ನೊಂದು, ಕೋರ್ಸಿನಿಂದ ಬಂದದ್ದು ಮತ್ತು ಕೋರ್ಸಿನ ಕಾಗದದಿಂದ ಬಂದದ್ದು ಬೇರೆ ಬೇರೆ ಇಟ್ಟು ನೋಡ್ಬೇಕು. ಕಾಗದ ತಂದದ್ದು ಕೂಲಿ ಕೆಲಸ. ಅಲ್ಲಿ ಕಲಿತ ಅಳೆಯುವ ಅಭ್ಯಾಸ, ಮತ್ತೆ ಬ್ಯಾಚಿನ ವಾಟ್ಸಾಪ್ ಗ್ರೂಪು, ತಂದದ್ದು ಅಪಾರ್ಟ್‌ಮೆಂಟ್. ಈ ಎರಡನ್ನೂ ಯಾವ ಜಾಹೀರಾತಿನಲ್ಲೂ ಹಾಕುದಿಲ್ಲ. ನಮ್ಮ ಕಡೆ ಕಡಿಮೆ ಖರ್ಚಲ್ಲಿ ಕಲೀಲಿಕ್ಕೆ ಜಾಗಗಳಿಲ್ಲ ಅಂತಲ್ಲ, ಉಜಿರೆಯಲ್ಲಿ 1982ರಲ್ಲಿ ಶುರುವಾದ ಸ್ವಉದ್ಯೋಗ ತರಬೇತಿ ಸಂಸ್ಥೆ ರುಡ್‌ಸೆಟ್ ಉಂಟು, ಬ್ರಹ್ಮಾವರದಲ್ಲೂ ಉಂಟು, ಫೀಸಿಲ್ಲದೆ ಕಲಿಸ್ತಾರೆ, ಕಲಿತು ಹೋದವರನ್ನು ಆಮೇಲೂ ವಿಚಾರಿಸ್ತಾರೆ. ಅಲ್ಲಿಗೆ ಹೋಗುವವರಿಗೆ ನಾನು ಹೇಳುದು, ಸರ್ಟಿಫಿಕೇಟ್ ಸಿಗ್ತದೆ, ಅದು ಇರ್ಲಿ, ಒಟ್ಟಿಗೆ ಕೂತವರ ನಂಬರ್ ತಗೊಂಡು ಬನ್ನಿ.

ಲೈಸೆನ್ಸಿನ ಮಾತು ಬೇರೆಯೇ. ಅದು ಕೆಲಸ ತರುದಿಲ್ಲ, ಆದ್ರೆ ಅದಿಲ್ಲದಿದ್ರೆ ಸೆಕ್ರೆಟರಿ ಕೊಟೇಶನ್ ತಗೊಳ್ತಾನೇ ಇರ್ಲಿಲ್ಲ. ಕಾನೂನು ಕೇಳುವ ಕಾಗದವನ್ನು ಮೊದಲು ಮಾಡಿಸಿ, ಉಳಿದದ್ದಕ್ಕೆ ಆಮೇಲೆ ಕೈ ಹಾಕುದು ಒಳ್ಳೆದು. ಅಣ್ಣ ಮಾಡಿದ್ದು ಉಲ್ಟಾ.

ಈಗ ಅಣ್ಣ ಕಾರ್ ಚಾರ್ಜಿಂಗ್ ಪಾಯಿಂಟ್ ಕೂರಿಸುವ ಒಂದು ಕೋರ್ಸಿನ ಬ್ರೋಷರ್ ತಂದಿದ್ರು, ಫೀಸ್ ಸಣ್ಣದಲ್ಲ. "ಇದನ್ನು ನಿಮ್ಮತ್ರ ಯಾರು ಕೇಳಿದ್ದು ಅಣ್ಣ?" ಅಂದೆ. ಎರಡು ಅಪಾರ್ಟ್‌ಮೆಂಟಿನವರು ಕೇಳಿದ್ರಂತೆ. ಅವರು ಸರ್ಟಿಫಿಕೇಟ್ ಕೇಳಿದ್ದಾ, ಚಾರ್ಜರ್ ಹಾಕಿದ್ರೆ ನಮ್ಮ ಕಟ್ಟಡದ ಲೋಡ್ ತಡೀತದಾ ಅಂತ ಕೇಳಿದ್ದಾ? ಎರಡನೇದ್ದು. ಹಾಗಾದ್ರೆ ಲೋಡ್ ಲೆಕ್ಕ ಹಾಕಿ ಒಂದು ಹಾಳೆ ಕೊಡಿ, ಕೋರ್ಸ್ ವಿಷಯ ದೀಪಾವಳಿ ಕಳೆದ ಮೇಲೆ ನೋಡುವ ಅಂತ ಆಗಿದೆ. ಸದ್ಯಕ್ಕೆ ಫೀಸ್ ಕಟ್ಟಿದ್ದು ಅವರ ಕೈಕೆಳಗಿನ ಐಟಿಐ ಹುಡುಗನ ವಯರ್‌ಮನ್ ಪರ್ಮಿಟ್ ಅರ್ಜಿಗೆ, ಒಂದೇ ದಿನ ಎರಡು ಕಡೆ ಕೆಲಸ ಇದ್ರೆ ಪರ್ಮಿಟ್ ಇಲ್ಲದ ಹುಡುಗನನ್ನು ಒಬ್ಬನೇ ಕಳಿಸ್ಲಿಕ್ಕಾಗುದಿಲ್ಲ ಅಂತ. ಅದರ ಕಾಗದ ನಾಳೆ ಕೊಟ್ಟು ಬರ್ಬೇಕು.